ಧ್ವನಿವರ್ಧಕ ಜಾಲವೂ ಅದರ ದೋಷನಿವೇದನೆಯೂ



ರೈಲು ನಿಲ್ದಾಣದ ಚಾವಣಿಯಲ್ಲಿಯೋ ಆಸ್ಪತ್ರೆಯ ಪಡಸಾಲೆಯಲ್ಲಿಯೋ ದೊಡ್ಡ ಕಚೇರಿಯೊಂದರ ಮೆಟ್ಟಿಲುಗಳ ಬಳಿಯಲ್ಲಿಯೋ ತಲೆಯ ಮೇಲೆ ಕೂರಿಸಿರುವ ಬಟ್ಟಲಗಲದ ಧ್ವನಿವರ್ಧಕಗಳನ್ನು ನೀವು ಕಂಡಿದ್ದೀರಿ; ಕಂಡಿದ್ದೀರಿ ಎನ್ನುವುದಕ್ಕಿಂತಲೂ ಅವುಗಳ ಕೆಳಗೆ ಸಾವಿರ ಸಲ ಹಾದುಹೋಗಿದ್ದೀರಿ ಎಂದರೆ ಹೆಚ್ಚು ಸರಿಯಾದೀತು. ದಿನದ ಬಹುಭಾಗದಲ್ಲಿ ಅವು ಮಾತಾಡುವುದಿಲ್ಲ. ಕೆಲವು ಕಟ್ಟಡಗಳಲ್ಲಿ, ಬೆಂಕಿಯೋ ಅಂಥ ಬೇರೆ ಅಪಾಯವೋ ಸಂಭವಿಸಿದಾಗ ಮಾತ್ರ ಮಾತಾಡಬೇಕೆಂದು ಇಟ್ಟಿರುವ ಧ್ವನಿವರ್ಧಕಗಳು ವರ್ಷಗಟ್ಟಲೆ ಸುಮ್ಮನೆ ಇರುತ್ತವೆ. ಆರೋಗ್ಯದಿಂದಿದ್ದು ಮಾತಿಗೆ ಕರೆ ಬಾರದ ಕಾರಣ ಸುಮ್ಮನಿರುವ ಯಂತ್ರಕ್ಕೂ, ತಂತಿ ಕಡಿದು ಹಿಂದೆಂದೋ ಸತ್ತುಹೋಗಿರುವ ಯಂತ್ರಕ್ಕೂ ಕೆಳಗೆ ನಿಂತವನ ಕಿವಿಗೆ ಯಾವ ಭೇದವೂ ತಿಳಿಯದು. ಈ ಭೇದವನ್ನು ಅವಶ್ಯಕತೆಯ ಮುಹೂರ್ತಕ್ಕೆ ಬಹು ಮುಂಚೆಯೇ ಕಂಡುಹಿಡಿದು ಹೇಳುವ ಉಪಾಯವೇನು ಎಂಬುದು ಈ ಹೊತ್ತಿನ ನನ್ನ ವಿಷಯ.

ಒಬ್ಬನ ಮಾತು ವಿದ್ಯುತ್ತಿನ ಬಲದಿಂದ ಬೃಹತ್ ಸಭೆಯನ್ನು ಮುಟ್ಟಿದ್ದು ಬಹಳ ಹಳೆಯ ಸಂಗತಿಯೇನಲ್ಲ. ಅಮೆರಿಕದ ಕ್ಯಾಲಿಫೋರ್ನಿಯ ಪ್ರಾಂತದಲ್ಲಿ ಪೀಟರ್ ಜೆನ್ಸನ್ ಮತ್ತು ಎಡ್ವಿನ್ ಪ್ರಿಧಮ್ ಎಂಬಿಬ್ಬರು 1915ರಲ್ಲಿ ತಮ್ಮ ಧ್ವನಿವರ್ಧಕವನ್ನು ಜನರ ಮುಂದಿಟ್ಟರು. 1919ರ ಸೆಪ್ಟೆಂಬರ್ 19ರಂದು ಅಧ್ಯಕ್ಷ ವುಡ್ರೋ ವಿಲ್ಸನ್ ಸ್ಯಾನ್ ಡಿಯೇಗೋ ನಗರದ ಕ್ರೀಡಾಂಗಣದಲ್ಲಿ ಗಾಜಿನ ಗೂಡಿನೊಳಗೆ ನಿಂತು, ಅವರ ಯಂತ್ರದ ಸಹಾಯದಿಂದ ಐವತ್ತು ಸಾವಿರದಷ್ಟು ಜನರನ್ನು ಉದ್ದೇಶಿಸಿ ಮಾತಾಡಿದರು. ನಮ್ಮಲ್ಲಿ ಈ ವಿದ್ಯೆ ಮೈಕ್ ಸೆಟ್ಟಿನ ರೂಪದಲ್ಲಿ ಊರೂರಿಗೂ ಬಂದಿತು. ಜಾತ್ರೆ, ಮದುವೆ, ಬಯಲಾಟ, ಚುನಾವಣೆ ಎಂಬ ಭೇದವಿಲ್ಲದೆ, ‘ಅಹುಜಾ’ ಎಂಬ ಹೆಸರನ್ನು ಹೊತ್ತ ಆಂಪ್ಲಿಫೈಯರೂ ಕಂಬಕ್ಕೆ ಕಟ್ಟಿದ ಹಾರ್ನುಗಳೂ ನಮಗೆ ಎಷ್ಟು ಪರಿಚಿತವೋ, ಅವುಗಳ ಪಕ್ಕದಲ್ಲಿ ಕುಳಿತು ಆಗಾಗ ಎದ್ದುಹೋಗಿ ವೈರನ್ನು ಅಲುಗಿಸಿ, ಮೈಕಿಗೆ ಎರಡು ಏಟು ಹಾಕಿ, ‘ಹಲೋ, ಹಲೋ, ಮೈಕ್ ಟೆಸ್ಟಿಂಗ್’ ಎನ್ನುವ ಮನುಷ್ಯನೂ ಅಷ್ಟೇ ಪರಿಚಿತ. ಆತನನ್ನು ಕಂಡು ನಕ್ಕವರು ಉಂಟು. ಆದರೆ ಆ ವ್ಯವಸ್ಥೆಯಲ್ಲಿ ದೋಷವನ್ನು ಪತ್ತೆಹಚ್ಚುವ ಅಂಗ ಆತನೇ. ಹಾರ್ನು ಆತನ ಕಣ್ಣೆದುರಿಗಿದೆ. ಅದರ ದನಿ ಆತನ ಕಿವಿಗೆ ಬೀಳುತ್ತಿದೆ. ಅದು ನಿಂತ ಕ್ಷಣವೇ ಆತನಿಗೆ ತಿಳಿಯುತ್ತದೆ, ಆತನಿಗೆ ತಿಳಿಯದೆ ಹೋದರೆ ಸಭಿಕರು ತಿಳಿಸುತ್ತಾರೆ. ಹನ್ನೆರಡು ಮಹಡಿಯ ಕಟ್ಟಡವೊಂದರಲ್ಲಿ ನಾನೂರು ಧ್ವನಿವರ್ಧಕಗಳಿದ್ದರೆ ಅವುಗಳ ಕೆಳಗೆ ನಾನೂರು ಮಂದಿಯನ್ನು ನಿಲ್ಲಿಸುವುದು ಆಗದ ಮಾತು. ಆ ಕಿವಿಯ ಕೆಲಸವನ್ನು ಯಂತ್ರಕ್ಕೇ ವಹಿಸಬೇಕಾಯಿತು. ಕಂಟ್ರೋಲರ್ ಎಂದು ಕರೆಯಲಾಗುವ ನಿಯಂತ್ರಕಪೆಟ್ಟಿಗೆ ಹುಟ್ಟಿದ್ದು ಮಾತನ್ನು ಹಂಚುವುದಕ್ಕೇ ಆದರೂ ಅದರ ಬುದ್ಧಿಯ ಬಹುಪಾಲು ಇಂದು ವ್ಯಯವಾಗುತ್ತಿರುವುದು ಈ ಆಲಿಸುವಿಕೆಯಲ್ಲಿಯೇ.

ದೋಷದ ಮಾತಿಗೆ ಮುಂಚೆ ಜೋಡಣೆಯ ಸ್ವರೂಪವನ್ನು ಸ್ವಲ್ಪ ಹೇಳಬೇಕು. ನಿಯಂತ್ರಕದ ಒಂದು ಪಾರ್ಶ್ವಕ್ಕೆ ಮಾತು ಬರುವ ದಾರಿಗಳು ಸೇರುತ್ತವೆ: ಕಾವಲು ಕೊಠಡಿಯ ಮೇಜಿನ ಮೇಲಿನ ಮೈಕು, ಅಗ್ನಿಶಾಮಕರಿಗಾಗಿ ಮೀಸಲಾದ ಕೈಮೈಕು, ಮೊದಲೇ ಮುದ್ರಿಸಿಟ್ಟ ಘೋಷಣೆಗಳ ಭಂಡಾರ, ಹೊತ್ತು ಕಳೆಯಲು ಹಾಕುವ ಸಂಗೀತ. ಹೊಗೆಯನ್ನು ಗ್ರಹಿಸುವ ಅಗ್ನಿಸೂಚಕ ವ್ಯವಸ್ಥೆಯಿಂದಲೂ ಒಂದು ಜೊತೆ ತಂತಿ ಬಂದು ಸೇರುತ್ತದೆ. ಇನ್ನೊಂದು ಪಾರ್ಶ್ವದಿಂದ ಆಂಪ್ಲಿಫೈಯರುಗಳ ಮೂಲಕ ಹೊರಟ ತಂತಿಗಳು ಕಟ್ಟಡದ ವಲಯವಲಯಕ್ಕೂ ಹರಿಯುತ್ತವೆ. ಯಾವ ಮಾತು ಯಾವ ವಲಯಕ್ಕೆ, ಎರಡು ಮಾತುಗಳು ಏಕಕಾಲದಲ್ಲಿ ಬಂದರೆ ಯಾವುದಕ್ಕೆ ಆದ್ಯತೆ ಎಂಬ ತೀರ್ಪು ನಡುವಣ ಪೆಟ್ಟಿಗೆಯದು. ಸಂಗೀತವನ್ನು ಸಾಮಾನ್ಯ ಪ್ರಕಟಣೆ ತಡೆಯುತ್ತದೆ. ಪ್ರಕಟಣೆಯನ್ನು ಅಪಾಯದ ಘೋಷಣೆ ತಡೆಯುತ್ತದೆ. ಅಗ್ನಿಶಾಮಕ ಅಧಿಕಾರಿಯ ಕೈಮೈಕು ಎಲ್ಲವನ್ನೂ ತಡೆಯುತ್ತದೆ.

ಹೊರಹೋಗುವ ತಂತಿಯ ವಿಷಯದಲ್ಲಿ ಒಂದು ಚಿಕ್ಕ ಗಣಿತವುಂಟು. 200 ವಾಟಿನ ಶಕ್ತಿಯನ್ನು 8 ಓಮಿನ ಸಾಧಾರಣ ಹೊರೆಗೆ ನೇರವಾಗಿ ಕಳುಹಿಸಿದರೆ ತಂತಿಯಲ್ಲಿ 40 ವೋಲ್ಟಿನ ಒತ್ತಡದಲ್ಲಿ 5 ಆಂಪಿಯರ್ ಪ್ರವಾಹ ಹರಿಯಬೇಕಾಗುತ್ತದೆ. ಅದೇ ಶಕ್ತಿಯನ್ನು 100 ವೋಲ್ಟಿಗೆ ಏರಿಸಿ ಕಳುಹಿಸಿದರೆ 2 ಆಂಪಿಯರ್ ಸಾಕು. ತಂತಿ ಕಾಯುವುದರಿಂದಾಗುವ ನಷ್ಟ ಪ್ರವಾಹದ ವರ್ಗವನ್ನು ಅನುಸರಿಸುವುದರಿಂದ, ಮೊದಲನೆಯ ಕ್ರಮದಲ್ಲಿನ ನಷ್ಟ ಎರಡನೆಯದಕ್ಕಿಂತ ಆರು ಪಟ್ಟಿಗೂ ಮಿಕ್ಕಿ ಇರುತ್ತದೆ. ಆದಕಾರಣ ದೂರದ ಧ್ವನಿವರ್ಧಕಗಳಿಗೆಲ್ಲ 100 ವೋಲ್ಟಿನ ಲೈನನ್ನು ಎಳೆದು, ಪ್ರತಿಯೊಂದರ ಬೆನ್ನಿಗೂ ಒಂದು ಸಣ್ಣ ಟ್ರಾನ್ಸ್‌ಫಾರ್ಮರನ್ನು ಕೂರಿಸಿ, 3 ವಾಟೋ 6 ವಾಟೋ ಬೇಕಾದಷ್ಟನ್ನು ಮಾತ್ರ ಇಳಿಸಿಕೊಳ್ಳುವುದು ವಾಡಿಕೆಯಾಯಿತು. ನಮ್ಮ ಮೈಕ್ ಸೆಟ್ಟಿನ ಆಂಪ್ಲಿಫೈಯರಿನ ಬೆನ್ನನ್ನು ನೋಡಿದರೂ 4, 8, 16 ಓಮುಗಳ ತಿರುಪುಗಳ ಪಕ್ಕದಲ್ಲಿ 100 ವೋಲ್ಟಿನ ತಿರುಪೂ ಕಾಣಸಿಗುತ್ತದೆ. 200 ವಾಟಿನ ಒಂದು ಆಂಪ್ಲಿಫೈಯರಿಗೆ 6 ವಾಟಿನ 30 ಧ್ವನಿವರ್ಧಕಗಳನ್ನು ಒಂದರ ಪಕ್ಕಕ್ಕೊಂದು ಜೋಡಿಸಿದರೆ 180 ವಾಟಾಯಿತು. ಯಾವ ತಾಪತ್ರಯವೂ ಇಲ್ಲ. ಈ ಸೌಕರ್ಯದಲ್ಲಿಯೇ ಅಪಾಯವೂ ಅಡಗಿದೆ: ಮೂವತ್ತೂ ಒಂದೇ ಜೊತೆ ತಂತಿಯನ್ನು ನಂಬಿಕೊಂಡಿವೆ.

ಆ ತಂತಿಗೆ ಬರುವ ಕೇಡು ಮುಖ್ಯವಾಗಿ ಮೂರು ತೆರ. ತಂತಿ ಕಡಿದರೆ ಕಡಿದೆಡೆಯಿಂದ ಮುಂದಿನವೆಲ್ಲ ಮೂಕವಾಗುತ್ತವೆ, ಹಿಂದಿನವು ಮಾತಾಡುತ್ತಲೇ ಇರುತ್ತವೆ. ಕಾವಲು ಕೊಠಡಿ ಹಿಂದಿನವುಗಳ ಪೈಕಿಯಲ್ಲಿದ್ದರಂತೂ ಎಲ್ಲವೂ ಸರಿಯಾಗಿದೆ ಎಂಬ ಭ್ರಮೆ ಬಹುಕಾಲ ಉಳಿಯುತ್ತದೆ. ಎರಡು ತಂತಿಗಳು ತಗುಲಿ ಶಾರ್ಟ್ ಆದರೆ ಮೂವತ್ತೂ ಒಟ್ಟಿಗೆ ಮೂಕವಾಗುವುದಲ್ಲದೆ ಆಂಪ್ಲಿಫೈಯರಿಗೂ ಆಪತ್ತು. ಮೂರನೆಯದು ತಂತಿಯ ತೊಗಟೆ ಸುಲಿದು ಕಟ್ಟಡದ ಕಬ್ಬಿಣಕ್ಕೆ ತಗುಲುವ ಅರ್ತ್ ದೋಷ. ಇದು ಮೂರರಲ್ಲಿಯೂ ಕಪಟಿಯಾದದ್ದು. ಲೈನಿನ ಎರಡು ತಂತಿಗಳೂ ನೆಲದಿಂದ ಬೇರ್ಪಟ್ಟು ತೇಲುತ್ತಿರುವುದರಿಂದ, ಒಂದು ತಂತಿ ನೆಲಕ್ಕೆ ತಗುಲಿದ ಮಾತ್ರಕ್ಕೆ ಏನೂ ಆಗುವುದಿಲ್ಲ. ಧ್ವನಿ ಎಂದಿನಂತೆ ಬರುತ್ತದೆ. ಎಂದಾದರೊಂದು ದಿನ, ಬೇರೆಯೇ ಮಹಡಿಯಲ್ಲಿ, ಎರಡನೆಯ ತಂತಿಯೂ ನೆಲಕ್ಕೆ ತಗುಲಿದಾಗ ಎರಡು ನಿರಪಾಯ ದೋಷಗಳು ಕೂಡಿ ಒಂದು ಪೂರ್ಣ ಶಾರ್ಟ್ ಆಗುತ್ತದೆ. ಅದರಿಂದಲೇ ಒಳ್ಳೆಯ ನಿಯಂತ್ರಕವು ಮೊದಲನೆಯ ಸ್ಪರ್ಶವನ್ನೇ, ಅದರಿಂದ ಯಾರಿಗೂ ಯಾವ ಬಾಧೆಯೂ ಆಗಿಲ್ಲದಿರುವಾಗಲೇ, ದೂರುತ್ತದೆ. ಹೀಗೆ ದೂರುವ ಯಂತ್ರವನ್ನು ‘ಸುಮ್ಮನೆ ಕಿರುಚುತ್ತದೆ’ ಎಂದು ಬೈಯುವ ನಿರ್ವಾಹಕರನ್ನು ನಾನು ಬಲ್ಲೆ. ಅವರ ಕಿವಿಗೆ ಧ್ವನಿ ಸರಿಯಾಗಿಯೇ ಕೇಳಿಸುತ್ತಿರುವುದರಿಂದ ಅವರ ಸಿಟ್ಟೂ ಅಸಹಜವಲ್ಲ.

ಒಂದು ಲೈನಿನ ಮೃತ್ಯುವಿನಿಂದ ಒಂದು ಪಡಸಾಲೆಯೇ ಮೂಕವಾಗಬಾರದೆಂದು ಒಂದೇ ಸ್ಥಳಕ್ಕೆ ಎರಡು ಲೈನುಗಳನ್ನು ಎಳೆದು, ಧ್ವನಿವರ್ಧಕಗಳನ್ನು ಒಂದು ಬಿಟ್ಟು ಒಂದರಂತೆ ಅವಕ್ಕೆ ಸೇರಿಸುವುದುಂಟು. ಒಂದು ಲೈನು ಹೋದರೆ ಅರ್ಧ ಹೋದೀತು, ಸ್ಥಳ ನಿಶ್ಶಬ್ದವಾಗದು. ಇದು ಯುಕ್ತವಾದ ಏರ್ಪಾಡೇ. ಇದರ ಪರಿಣಾಮವೊಂದನ್ನು ಮುಂದೆ ಹೇಳುತ್ತೇನೆ.

ಈ ಕೇಡುಗಳನ್ನು ಯಂತ್ರ ತಿಳಿಯುವುದು ಹೇಗೆ? ಸರಳವಾದ ದಾರಿಯೆಂದರೆ ಲೈನಿನ ಒಟ್ಟು ಅಡಚಣೆಯನ್ನು, ಅಂದರೆ ಇಂಪೆಡೆನ್ಸನ್ನು, ಜಾಲವು ಹೊಸದಾಗಿದ್ದಾಗ ಅಳೆದು ನೆನಪಿನಲ್ಲಿಟ್ಟುಕೊಂಡು, ಆಮೇಲೆ ಆಗಾಗ ಅಳೆದು ಹೋಲಿಸುವುದು. ಶಾರ್ಟ್ ಆಗಿದ್ದರೆ ಅಳತೆ ಕುಸಿಯುತ್ತದೆ, ಕಡಿದಿದ್ದರೆ ಏರುತ್ತದೆ. ಆದರೆ ಮೂವತ್ತರಲ್ಲಿ ಒಂದು ಧ್ವನಿವರ್ಧಕ ಕಳಚಿಹೋದಾಗ ಆಗುವ ವ್ಯತ್ಯಾಸ ಶೇಕಡ ಮೂರುವರೆಯಷ್ಟು ಮಾತ್ರ. ಚಳಿ, ಸೆಕೆ, ತೇವಗಳಿಂದ ಆಗುವ ಏರಿಳಿತಕ್ಕೆಲ್ಲ ಯಂತ್ರ ಬೆಚ್ಚಬಾರದೆಂದು ಶೇಕಡ 15ರಷ್ಟು ಸಡಿಲವನ್ನು ಬಿಟ್ಟಿದ್ದರೆ, ಮೂರು ಧ್ವನಿವರ್ಧಕಗಳು ಕೆಟ್ಟಾಗಲೂ ಅದು ತೃಪ್ತಿಯಿಂದಲೇ ಇರುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ಕ್ರಮವೊಂದಿದೆ. ಆಂಪ್ಲಿಫೈಯರಿನಿಂದ ಲೈನಿಗೆ, ಸೆಕೆಂಡಿಗೆ ಸುಮಾರು 20,000 ಕಂಪನಗಳ ಅತಿ ಕ್ಷೀಣವಾದ ಸ್ವರವೊಂದನ್ನು ಕಳುಹಿಸುತ್ತಾರೆ. ವಯಸ್ಕನ ಕಿವಿಗೆ ಅದು ನಿಲುಕದು. ಲೈನಿನ ಕಟ್ಟಕಡೆಯಲ್ಲಿ, ಕೊನೆಯ ಧ್ವನಿವರ್ಧಕದ ಬೆನ್ನಿನಲ್ಲಿ, ಒಂದು ಚಿಕ್ಕ ಫಲಕ ಆ ಸ್ವರವನ್ನು ನಿರಂತರವಾಗಿ ಕೇಳುತ್ತಿರುತ್ತದೆ. ಸ್ವರ ಮುಟ್ಟುವವರೆಗೆ ‘ಕ್ಷೇಮ’ ಎಂಬ ವಾರ್ತೆಯನ್ನು ಹಿಂದಕ್ಕೆ ತಿಳಿಸುತ್ತದೆ. ಸ್ವರ ನಿಂತರೆ ವಾರ್ತೆಯೂ ನಿಲ್ಲುತ್ತದೆ. ಕೆರೆಯ ನೀರು ಕೊನೆಯ ಗದ್ದೆಯವರೆಗೆ ಮುಟ್ಟಿತೇ ಎಂದು ಕಾಲುವೆಯ ತುದಿಗೆ ಹೋಗಿ ನೋಡಿ ಬರುವ ನೀರುಗಂಟಿಯ ಕೆಲಸವೇ ಇದು. ತೂಬಿನ ಬಳಿ ನಿಂತು ಎಷ್ಟು ನೀರು ಬಿಟ್ಟೆ ಎಂದು ಲೆಕ್ಕ ಹಾಕುವುದರಿಂದ ತುದಿಯ ಸುದ್ದಿ ತಿಳಿಯದು. ನಾಯಿಯ ಕಿವಿಗೆ ಈ ಸ್ವರ ಸುಲಭವಾಗಿ ನಿಲುಕುವಂಥದು. ಇಂಥ ಕಟ್ಟಡದಲ್ಲಿ ಓಡಾಡುವ ನಾಯಿಗಳಿಗೆ ಆ ಮೌನ ನಮ್ಮಷ್ಟು ಸಂಪೂರ್ಣವಾಗಿರಲಾರದು ಎಂದು ನನಗೆ ಒಮ್ಮೊಮ್ಮೆ ತೋರುತ್ತದೆ.

ಆದರೆ ಇಲ್ಲಿಯೂ ಒಂದು ಬಿರುಕುಂಟು, ಅದನ್ನು ಮಾಡುವವನು ಮನುಷ್ಯನೇ. ತುದಿಯ ಫಲಕ ಸಾಕ್ಷಿ ಹೇಳುವುದು ತಾನಿರುವ ದಾರಿಯನ್ನು ಕುರಿತು ಮಾತ್ರ. ತಂತಿ ಒಂದು ಧ್ವನಿವರ್ಧಕದಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಸರಪಣಿಯಂತೆ ಸಾಗಬೇಕು. ವೈರಿಂಗ್ ಮಾಡುವಾತ ನಾಲ್ಕು ಮೀಟರ್ ತಂತಿ ಉಳಿಯಲೆಂದು ಮಧ್ಯದಲ್ಲಿ ಕವಲು ತೆಗೆದು, ಪಕ್ಕದ ಕೊಠಡಿಗೆ ಒಂದು ತುಂಡನ್ನು ಎಳೆದನೆಂದರೆ, ಆ ಕವಲಿನ ಕ್ಷೇಮ ಯಾರ ಲೆಕ್ಕಕ್ಕೂ ಬರುವುದಿಲ್ಲ. ಕವಲು ಕಡಿದು ಆ ಕೊಠಡಿ ಮೂಕವಾಗಿದ್ದರೂ ತುದಿಯ ಫಲಕ ಪ್ರಾಮಾಣಿಕವಾಗಿಯೇ ‘ಕ್ಷೇಮ’ ಎನ್ನುತ್ತಿರುತ್ತದೆ. ಮೇಲೆ ಸುಳ್ಳು ಚಾವಣಿಯ ಹಲಗೆ ಮುಚ್ಚಿದ ಮೇಲೆ ಇಂಥ ಕವಲುಗಳನ್ನು ಹುಡುಕುವುದು ಬಹು ಕಷ್ಟ. ಮುಚ್ಚುವ ಮುಂಚೆ ಏಣಿಯ ಮೇಲೆ ಹತ್ತಿ ನೋಡುವ ಮೇಲ್ವಿಚಾರಕನು ದೊರೆತರೆ ಅದೇ ಆ ಕಟ್ಟಡದ ಪುಣ್ಯ.

ಒಳಬರುವ ತಂತಿಗಳ ವಿಚಾರವೂ ಇಷ್ಟೇ ರಮ್ಯವಾಗಿದೆ. ಅಗ್ನಿಸೂಚಕದಿಂದ ಬರುವ ಎರಡು ತಂತಿಗಳ ತುದಿಯಲ್ಲಿ ಒಂದು ಸ್ವಿಚ್ಚಿದೆ ಎಂದಿಟ್ಟುಕೊಳ್ಳಿ: ತೆರೆದಿದ್ದರೆ ಶಾಂತಿ, ಮುಚ್ಚಿದರೆ ಬೆಂಕಿ. ತಂತಿಯನ್ನು ಇಲಿ ಕಡಿದರೆ? ನಿಯಂತ್ರಕಕ್ಕೆ ಅದೂ ತೆರೆದ ಸ್ವಿಚ್ಚಿನಂತೆಯೇ ಕಾಣುತ್ತದೆ, ಎಂದರೆ ಶಾಂತಿ. ಅಂಥ ಶಾಂತಿ ಶಾಶ್ವತವಾದದ್ದು, ಬೆಂಕಿ ಬಿದ್ದರೂ ಭಂಗವಾಗದು. ಇದಕ್ಕೆ ಕಂಡುಕೊಂಡ ಉಪಾಯ ಎರಡು ರೆಸಿಸ್ಟರುಗಳದು. ಸ್ವಿಚ್ಚಿನ ಬಳಿಯಲ್ಲಿಯೇ 10,000 ಓಮಿನ ಒಂದನ್ನು ಸಾಲಿನಲ್ಲಿ, ಅಷ್ಟೇ ಮೌಲ್ಯದ ಇನ್ನೊಂದನ್ನು ಸ್ವಿಚ್ಚಿಗೆ ಅಡ್ಡಲಾಗಿ ಜೋಡಿಸಿದರೆ, ಶಾಂತಿಯ ಕಾಲದಲ್ಲಿ ನಿಯಂತ್ರಕಕ್ಕೆ ಕಾಣುವುದು 20,000 ಓಮು, ಬೆಂಕಿಯ ಕಾಲದಲ್ಲಿ 10,000. ತಂತಿ ಕಡಿದರೆ ಅನಂತ, ತಂತಿಗಳು ಒಂದಕ್ಕೊಂದು ತಗುಲಿದರೆ ಶೂನ್ಯ. ಕೆಲವೇ ಕಾಸಿನ ಎರಡು ಸಾಮಾನುಗಳಿಂದ ಎರಡು ಸ್ಥಿತಿಗಳ ಜಾಗದಲ್ಲಿ ನಾಲ್ಕು ಸ್ಥಿತಿಗಳು ದೊರೆತವು. ರೆಸಿಸ್ಟರುಗಳನ್ನು ಸ್ವಿಚ್ಚಿನ ಬಳಿ ಹಾಕದೆ, ಕೆಲಸ ಸುಲಭವೆಂದು ನಿಯಂತ್ರಕದ ತಿರುಪಿಗೇ ಹಾಕಿ ಹೋಗುವವರೂ ಇದ್ದಾರೆ. ಆಗ ಯಂತ್ರ ಕಾಯುವುದು ತನ್ನ ಮೈಮೇಲಿನ ಎರಡಂಗುಲವನ್ನು, ಅದರಾಚೆಯ ನೂರು ಮೀಟರನ್ನಲ್ಲ.

ಇದೇ ರೀತಿಯಲ್ಲಿ ಮೈಕಿನ ಧ್ವನಿಗ್ರಾಹಕ ಭಾಗವನ್ನೂ, ಮುದ್ರಿತ ಘೋಷಣೆಗಳು ಕೆಡದೆ ಇವೆಯೇ ಎಂಬುದನ್ನೂ, ಬ್ಯಾಟರಿಯ ಬಲವನ್ನೂ ನಿಯಂತ್ರಕ ಪರೀಕ್ಷಿಸುತ್ತಿರುತ್ತದೆ. ಅದರ ಸ್ವಂತ ಗಣಕಬುದ್ಧಿಯೇ ಮಂಕಾಗಿ ನಿಂತರೆ ಎಚ್ಚರಿಸಲು ಪ್ರತ್ಯೇಕವಾದೊಂದು ಕಾವಲು ಮಂಡಲವಿರುತ್ತದೆ. ಬ್ಯಾಟರಿಯ ವಿಷಯದಲ್ಲಿ, ಪೂರೈಕೆಯ ವಿದ್ಯುತ್ತು ಹೋದ ಮೇಲೆ 24 ಗಂಟೆಗಳ ಕಾಲ ಜಾಲವನ್ನು ಎಚ್ಚರದಲ್ಲಿಟ್ಟು, ಆಮೇಲೆಯೂ ಅರ್ಧ ಗಂಟೆಯ ಕಾಲ ಪೂರ್ಣ ದನಿಯಲ್ಲಿ ಘೋಷಣೆ ಮಾಡಿಸುವಷ್ಟು ಬಲವಿರಬೇಕೆಂಬುದು ಬ್ರಿಟನ್ನಿನ ಸಂಹಿತೆಯಲ್ಲಿ ಕಾಣುವ ಅಳತೆ.

ಇವೆಲ್ಲವುಗಳ ಹಿಂದಿರುವ ತತ್ತ್ವ ಹೊಸದಲ್ಲ. 1872ರಲ್ಲಿ ವಿಲಿಯಂ ರಾಬಿನ್ಸನ್ ಎಂಬ ಅಮೆರಿಕದ ಇಂಜಿನಿಯರು ರೈಲು ಹಳಿಗಳ ಮೂಲಕವೇ ಕ್ಷೀಣವಾದ ವಿದ್ಯುತ್ತನ್ನು ಸದಾ ಹರಿಯಿಸಿ, ಆ ವಿದ್ಯುತ್ತು ಬರುತ್ತಿರುವವರೆಗೆ ಮಾತ್ರ ಕೈಮರ ‘ದಾರಿ ತೆರವು’ ಎನ್ನುವಂತೆ ಏರ್ಪಡಿಸಿದನು. ಗಾಡಿ ಹಳಿಯ ಮೇಲೆ ಬಂದರೂ, ಹಳಿ ಮುರಿದರೂ, ಬ್ಯಾಟರಿ ಬತ್ತಿದರೂ, ತಂತಿ ಕಡಿದರೂ ಫಲ ಒಂದೇ: ಕೈಮರ ಅಪಾಯದ ಸ್ಥಿತಿಗೆ ಬೀಳುತ್ತದೆ. ನಿಯಂತ್ರಕದ ಬೆನ್ನಿನಲ್ಲಿರುವ ದೋಷಸೂಚಕ ರಿಲೇ ಇದೇ ಕುಲಕ್ಕೆ ಸೇರಿದ್ದು. ದೋಷ ಬಂದಾಗ ಅದು ಎಳೆದುಕೊಳ್ಳುತ್ತದೆಂದು ಭಾವಿಸುವುದು ಸಹಜ. ವಾಸ್ತವದಲ್ಲಿ ಕ್ಷೇಮವಾಗಿರುವಾಗ ಅದು ಸದಾ ಎಳೆದುಕೊಂಡಿದ್ದು, ದೋಷ ಬಂದಾಗ ಬಿಟ್ಟುಬಿಡುತ್ತದೆ. ದೂರು ಹೇಳಬೇಕಾದ ಯಂತ್ರವೇ ವಿದ್ಯುತ್ತಿಲ್ಲದೆ ಸತ್ತಾಗ ಆ ಮರಣವೇ ದೂರಾಗಿ ಕಾವಲು ಕೊಠಡಿಯನ್ನು ಮುಟ್ಟುತ್ತದೆ. ಕಳೆದ ಶತಮಾನಗಳ ವಿದ್ಯುತ್ ಶಿಲ್ಪದಲ್ಲಿ ಇಷ್ಟು ಅಲ್ಪಸಾಧನದಿಂದ ಇಷ್ಟು ದೊಡ್ಡ ಫಲವನ್ನು ಕೊಟ್ಟ ಯೋಚನೆಗಳು ವಿರಳವೆಂದೇ ನನ್ನ ಮತ.

ಇಷ್ಟೆಲ್ಲ ಶ್ರಮ ಏತಕ್ಕೆ, ಗಂಟೆಯೊಂದನ್ನು ಬಾರಿಸಿದರೆ ಸಾಲದೇ ಎಂದು ಕೇಳಬಹುದು. ಸಾಲದೆಂಬುದನ್ನು ಇಂಗ್ಲೆಂಡಿನ ನ್ಯೂಕಾಸಲ್ ನಗರದ ನೆಲದಡಿಯ ರೈಲು ನಿಲ್ದಾಣವೊಂದರಲ್ಲಿ ಗೀಲೆನ್ ಪ್ರೂ ಮತ್ತು ಜೊನಾಥನ್ ಸೈಮ್ ಎಂಬ ಇಬ್ಬರು ಸಂಶೋಧಕರು ನಡೆಸಿ 1991ರಲ್ಲಿ ಪ್ರಕಟಿಸಿದ ಪ್ರಯೋಗಗಳು ತೋರಿಸಿದವು. ಬರಿಯ ಗಂಟೆ ಬಾರಿಸಿದಾಗ ಜನ ಅದನ್ನು ಲೆಕ್ಕಿಸದೆ ತಮ್ಮ ಗಾಡಿಯನ್ನೇ ಕಾಯುತ್ತ ನಿಂತಿದ್ದರು. ಏನಾಗಿದೆ, ಯಾವ ಕಡೆಗೆ ಹೋಗಬೇಕು ಎಂದು ಸ್ಪಷ್ಟವಾದ ಮಾತಿನಲ್ಲಿ ಹೇಳಿದಾಗ ಬೇಗ ತೆರವು ಮಾಡಿದರು. ಮಾತೇ ಇಲ್ಲದೆ ಹೋದರೆ ಏನಾದೀತೆಂಬುದಕ್ಕೆ ಉದಾಹರಣೆಗಳು ಕ್ರೂರವಾಗಿವೆ. 1987ರ ನವೆಂಬರ್ 18ರ ಸಂಜೆ ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದ ಮರದ ಎಸ್ಕಲೇಟರಿಗೆ ಹೊತ್ತಿದ ಬೆಂಕಿ 31 ಜನರ ಪ್ರಾಣ ತೆಗೆದುಕೊಂಡಿತು; ನಿಲ್ದಾಣದಲ್ಲಿದ್ದ ಧ್ವನಿವರ್ಧಕಗಳನ್ನು ಆ ಸಂಜೆ ಯಾರೂ ಬಳಸಲಿಲ್ಲ. ಮರುವರ್ಷದ ಜುಲೈ 6ರಂದು ಉತ್ತರ ಸಮುದ್ರದ ಪೈಪರ್ ಆಲ್ಫ ಎಂಬ ತೈಲದ ಅಟ್ಟಣೆಯಲ್ಲಿ 167 ಜನ ಸತ್ತ ರಾತ್ರಿಯೂ, ವಸತಿಯಲ್ಲಿ ನೆರೆದು ಆಜ್ಞೆಗಾಗಿ ಕಾಯುತ್ತಿದ್ದವರಿಗೆ ‘ಹೊರಡಿ’ ಎಂಬ ಧ್ವನಿ ಬರಲೇ ಇಲ್ಲ. ಮೊದಲ ಸ್ಫೋಟದಲ್ಲಿಯೇ ನಿಯಂತ್ರಣದ ಕೊಠಡಿ ನಿರುಪಯುಕ್ತವಾಗಿತ್ತು. ಇವೆರಡರಲ್ಲಿ ಕಿಂಗ್ಸ್ ಕ್ರಾಸಿನದು ತಂತಿ ಕಡಿದ ಕಥೆಯಲ್ಲ ಎಂಬುದನ್ನು ಮರೆಯಬಾರದು. ಯಂತ್ರ ಕ್ಷೇಮವಾಗಿದ್ದೂ ಮನುಷ್ಯನ ಕೈ ಅದರ ಮೇಲೆ ಬೀಳದೆ ಹೋಗಬಹುದು.

ಹಾಗೆ ನೋಡಿದರೆ ದೋಷನಿವೇದನೆಯ ಸರಪಣಿಯಲ್ಲಿ ಅತ್ಯಂತ ದುರ್ಬಲವಾದ ಕೊಂಡಿಯೂ ಮನುಷ್ಯನ ಕೈಯಲ್ಲಿಯೇ ಇದೆ. ಐರೋಪ್ಯ ಮಾನಕದ 54ನೆಯ ಸರಣಿಯ 16ನೆಯ ಭಾಗದ ಪ್ರಕಾರ ದೋಷ ಸಂಭವಿಸಿದ 100 ಸೆಕೆಂಡುಗಳೊಳಗಾಗಿ ನಿಯಂತ್ರಕ ಅದನ್ನು ಸೂಚಿಸಬೇಕು. ಹಳದಿ ದೀಪ ಹೊತ್ತುತ್ತದೆ, ಬಜರ್ ಕೂಗುತ್ತದೆ. ಅಲ್ಲಿಂದ ಮುಂದಕ್ಕೆ ಎರಡು ಗುಂಡಿಗಳ ವ್ಯವಹಾರ. ಮೊದಲನೆಯದನ್ನು ಒತ್ತುವುದು ‘ನೋಡಿದೆ’ ಎಂದು ಅಂಗೀಕರಿಸುವುದಕ್ಕೆ. ಬಜರ್ ನಿಲ್ಲುತ್ತದೆ, ದೀಪ ಉರಿಯುತ್ತಲೇ ಇರುತ್ತದೆ. ಎರಡನೆಯದು ದುರಸ್ತಿಯಾದ ಬಳಿಕ ಒತ್ತತಕ್ಕದ್ದು; ಆಗ ಯಂತ್ರ ಮತ್ತೆ ಅಳೆದು ನೋಡಿ, ದೋಷ ನಿಜವಾಗಿ ತೊಲಗಿದ್ದರೆ ದೀಪವನ್ನು ಆರಿಸುತ್ತದೆ, ಇಲ್ಲವಾದರೆ ಬಜರನ್ನು ಪುನಃ ಕೂಗಿಸುತ್ತದೆ. ನೋಡುವುದಕ್ಕೂ ಸರಿಪಡಿಸುವುದಕ್ಕೂ ಇರುವ ಅಂತರವನ್ನು ಯಂತ್ರ ಇಷ್ಟು ಸ್ಪಷ್ಟವಾಗಿ ತಿಳಿದಿದೆ. ರಾತ್ರಿ ಪಾಳಿಯ ಕೊಠಡಿಯಲ್ಲಿ ಬಜರಿನ ಬಾಯಿಗೆ ಹತ್ತಿ ತುರುಕಿ ಟೇಪು ಅಂಟಿಸಿರುವುದನ್ನು ಕಂಡಾಗ ಮನುಷ್ಯನಿಗೆ ಅಷ್ಟು ತಿಳಿದಿದೆಯೇ ಎಂಬ ಅನುಮಾನ ಬರುತ್ತದೆ. ಆದರೂ ಟೇಪು ಅಂಟಿಸಿದವನನ್ನೇ ಪೂರ್ತಿ ದೂರಲಾರೆ. ಸಿಡಿಲು ಮಳೆಯ ರಾತ್ರಿಯೆಲ್ಲ ಸುಳ್ಳು ದೋಷಗಳನ್ನು ಕೂಗಿ, ಬೆಳಗಾದೊಡನೆ ತಾನೇ ಸರಿಯಾಗುವ ಲೈನನ್ನು ಸಹಿಸಿಕೊಂಡು ಬಂದವನು ಅವನು. ಅಳತೆಯ ಸಡಿಲವನ್ನು ಸರಿಯಾಗಿ ಗೊತ್ತುಮಾಡದೆ ಹೋದವರು ಬೇರೆಯವರು.

ಹಿಂದೆ ಹೇಳುತ್ತೇನೆಂದ ಮಾತು ಈಗ ಬಂದಿತು. ಎರಡು ಲೈನು, ಮೀಸಲು ಆಂಪ್ಲಿಫೈಯರು, ಮೀಸಲು ಬ್ಯಾಟರಿ ಇವೆಲ್ಲ ಇದ್ದಲ್ಲಿ ಒಂದು ಕೆಟ್ಟ ಕೂಡಲೇ ಇನ್ನೊಂದು ಆ ಜಾಗಕ್ಕೆ ತಾನಾಗಿ ಬರುತ್ತದೆ, ಕೇಳುವವರಿಗೆ ಏನೂ ಗೊತ್ತಾಗುವುದಿಲ್ಲ. ಗೊತ್ತಾಗದಿರುವುದೇ ಇಲ್ಲಿ ಕೇಡು. ಮೀಸಲಿಲ್ಲದ ಹಳೆಯ ಜಾಲ ಕೆಟ್ಟರೆ ಮರುದಿನ ಬೆಳಿಗ್ಗೆ ಪ್ರಾರ್ಥನೆ ಕೇಳಿಸಲಿಲ್ಲವೆಂದು ಯಾರಾದರೂ ಹೇಳುತ್ತಿದ್ದರು. ಮೀಸಲುಳ್ಳ ಜಾಲದಲ್ಲಿ ಮೊದಲನೆಯ ಆಂಪ್ಲಿಫೈಯರು ಸತ್ತು ತಿಂಗಳಾಗಿದ್ದರೂ, ಮೀಸಲಿನ ಬಲವೆಲ್ಲ ಖರ್ಚಾಗಿಹೋಗಿದ್ದರೂ, ಪ್ರಾರ್ಥನೆ ಸುಶ್ರಾವ್ಯವಾಗಿಯೇ ಕೇಳಿಸುತ್ತಿರುತ್ತದೆ. ಮೀಸಲು ಹೆಚ್ಚಿದಷ್ಟೂ ದೋಷವನ್ನು ಹೇಳುವ ಹಳದಿ ದೀಪದ ಹೊಣೆ ಹೆಚ್ಚುತ್ತದೆ, ಏಕೆಂದರೆ ಹೇಳುವವರು ಬೇರೆ ಯಾರೂ ಉಳಿದಿರುವುದಿಲ್ಲ. ಜೋಡಣೆಗೆ ಹಣ ಕೊಟ್ಟು ನಿವೇದನೆಗೆ ಜಿಪುಣತನ ಮಾಡುವ ಕಟ್ಟಡಗಳು ನಮ್ಮ ನಗರಗಳಲ್ಲಿ ಬೇಕಾದಷ್ಟಿವೆ.

ಕೊನೆಗೆ ಒಂದು ಸಣ್ಣ ಸಂಗತಿ. ನಿಯಂತ್ರಕದ ಪುಟ್ಟ ಪರದೆಯ ಮೇಲೆ ದೋಷದ ಜಾಗ ಅಕ್ಷರಗಳಲ್ಲಿ ಮೂಡುತ್ತದೆ. ಯಾವ ಲೈನಿಗೆ ಯಾವ ಹೆಸರು ಎಂಬುದನ್ನು ಜಾಲವನ್ನು ಚಾಲನೆಗೊಳಿಸುವ ದಿನ ಬರೆದುಕೊಡಬೇಕು. ಅವಸರದಲ್ಲಿದ್ದವರು ಕಾರ್ಖಾನೆಯಿಂದ ಬಂದ ‘ಔಟ್‌ಪುಟ್ 23’ ಎಂಬ ಹೆಸರನ್ನು ಹಾಗೆಯೇ ಬಿಟ್ಟುಹೋಗುತ್ತಾರೆ. ರಾತ್ರಿ ಎರಡು ಗಂಟೆಗೆ ಬಜರ್ ಕೂಗಿದಾಗ ಅದನ್ನು ಓದತಕ್ಕವನು ಕನ್ನಡವನ್ನು ಮಾತ್ರ ಬಲ್ಲ ಕಾವಲುಗಾರ. ‘ಎರಡನೆಯ ಮಹಡಿ, ಪೂರ್ವದ ಪಡಸಾಲೆ, ಮೆಟ್ಟಿಲಿನ ಎಡಕ್ಕೆ’ ಎಂದು ಬರೆದಿದ್ದರೆ ಅವನು ಟಾರ್ಚು ಹಿಡಿದು ನೇರವಾಗಿ ಅಲ್ಲಿಗೆ ಹೋಗುತ್ತಾನೆ. ಪರದೆಗೆ ಕನ್ನಡ ಬಾರದಿದ್ದರೆ, ಇಪ್ಪತ್ತಮೂರು ಎಂದರೆ ಯಾವ ಜಾಗ ಎಂಬುದನ್ನು ದಪ್ಪ ಅಕ್ಷರಗಳಲ್ಲಿ ಬರೆದು ಪೆಟ್ಟಿಗೆಯ ಬಾಗಿಲ ಒಳಮೈಗೆ ಒಂದು ಹಾಳೆಯನ್ನು ಅಂಟಿಸಬಹುದು. ಅದಕ್ಕೆ ಗೋಂದಿನ ಹೊರತು ಬೇರೆ ವೆಚ್ಚವಿಲ್ಲ.